ಚೇಳು ಕಡಿದರೆ ಮಗುವಿನ ಅಂಗಾಲು ಮುಟ್ಟಿ ನೋಡಿ

ಮುಂಗಾರಿಗೆ ಮುಂಚೆ ಬದುವಿನ ಕಲ್ಲು ಎತ್ತುವಾಗ, ಬಣವಿ ಕೆದರುವಾಗ ಚೇಳು ಕಾಣದ ವರ್ಷ ನಮ್ಮ ಕಡೆ ಇಲ್ಲ. ದೊಡ್ಡವರಿಗೆ ಕಡಿದರೆ ಸಾಮಾನ್ಯವಾಗಿ ಒಂದು ರಾತ್ರಿ ಒದ್ದಾಡಿ ಮರುದಿನ ಹೊಲಕ್ಕೆ ಹೋಗುತ್ತೇವೆ. ಮಕ್ಕಳನ್ನೂ ಅದೇ ಲೆಕ್ಕಕ್ಕೆ ಹಿಡೀತೀವಲ್ಲ, ತಪ್ಪು ಅಲ್ಲೇ ಆಗೋದು.

ನಾನು ಐದನೇ ಇಯತ್ತೆಯಲ್ಲಿದ್ದಾಗ ನಾಲ್ಕು ವರ್ಷದ ನನ್ನ ತಂಗಿಗೆ ಕುಳ್ಳಿನ ಗೂಡಿನಲ್ಲಿ ಚೇಳು ಕಡಿಯಿತು. ಸ್ವಲ್ಪ ಹೊತ್ತು ಅತ್ತು ಸುಮ್ಮನಾದಳು. ‘ವಿಷ ಇಳೀತು ಬಿಡ್ರಿ’ ಅಂದರು ಹಿರಿಯರು. ಆದರೆ ಎರಡು ಸಲ ವಾಂತಿ ಮಾಡಿಕೊಂಡಳು, ಮೈಯೆಲ್ಲಾ ಬೆವರಿತು, ಕೈಕಾಲು ತಣ್ಣಗಾದವು. ಅವ್ವ ಕಂಬಳಿ ಹೊದಿಸಿದಳು. ಅಪ್ಪ ಮಂತ್ರ ಹಾಕಿಸಿದ. ನಸುಕಿಗೆ ದಮ್ಮು ಹತ್ತಿ, ಬಾಯಲ್ಲಿ ನೊರೆ ಬಂದು ಹೋಗಿಬಿಟ್ಟಳು. ಇದಕ್ಕೆ 40 ವರ್ಷ ದಾಟಿತು.

ಅವಳನ್ನು ಕೊಂದದ್ದು ನೋವಲ್ಲ, ಗುಂಡಿಗೆ ಸೋತದ್ದು ಎಂದು ನನಗೆ ಬಹಳ ತಡವಾಗಿ ತಿಳಿಯಿತು. ದೊಡ್ಡ ಕರಿ ಚೇಳಿಗಿಂತ ಸಣ್ಣ ಕೆಂಪು ಚೇಳೇ ಜೀವಕ್ಕೆ ಅಪಾಯ. ಅದರ ವಿಷಕ್ಕೆ ನರಗಳು ಕೆರಳಿ ರಕ್ತನಾಳಗಳು ಬಿಗಿಯುತ್ತವೆ. ಗೇಟ್‌ವಾಲ್ವ್ ಮುಚ್ಚಿ ಮೋಟಾರು ಓಡಿಸಿದ ಹಾಗೆ ಗುಂಡಿಗೆ ದುಡಿದು ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ವಿಷ ಅಷ್ಟೇ, ಮಗುವಿನ ಮೈ ಸಣ್ಣದು. ಅದಕ್ಕೇ ಮಕ್ಕಳಿಗೆ ಹೆಚ್ಚು ಅಪಾಯ.

ಮಹಾರಾಷ್ಟ್ರದ ಮಹಾಡ ಊರಿನ ಡಾಕ್ಟರು ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಇದಕ್ಕೆ ದಾರಿ ತೋರಿಸಿದರು. ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಗುಳಿಗೆ ಬಿಗಿದ ನಾಳಗಳನ್ನು ಸಡಿಲ ಮಾಡುತ್ತದೆ ಅಂದರೆ ವಾಲ್ವ್ ತೆರೆದ ಹಾಗೆ. ಮೊದಲು ವಿಷ ಮೈಗೇರಿದವರಲ್ಲಿ ನೂರಕ್ಕೆ ಸುಮಾರು 30 ಜನ ಸಾಯುತ್ತಿದ್ದರು, ಈ ಗುಳಿಗೆ ಬಂದ ಮೇಲೆ ಅದು ಬಹಳ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹಾಗಾಗಿ ಮಗುವಿಗೆ ಕಡಿದರೆ ಬೆರಳನ್ನೇ ನೋಡುತ್ತಾ ಕೂಡಬೇಡಿ. ವಾಂತಿ, ವಿಪರೀತ ಬೆವರು, ಜೊಲ್ಲು, ತಣ್ಣಗಾದ ಅಂಗೈ ಅಂಗಾಲು, ಜೋರಾದ ಎದೆಬಡಿತ, ಗಂಡುಮಗುವಿಗೆ ಶಿಶ್ನ ಸೆಟೆಯುವುದು, ಇವು ವಿಷ ಮೈಗೇರಿದ ಗುರುತು. ನೋವು ಕಡಿಮೆಯಾಯಿತೆಂದು ಸುಮ್ಮನಿರಬೇಡಿ. ಈ ಗುರುತು ಬರಲಿ ಎಂದು ಕಾಯುವುದೂ ಬೇಡ. ಕೊಯ್ಯುವುದು, ಹಗ್ಗ ಬಿಗಿಯುವುದು ಬೇಡ. ಮಗುವನ್ನು ನಡೆಸದೆ ಎತ್ತಿಕೊಂಡು ಹೊರಡಿ, 108ಕ್ಕೆ ಫೋನ್ ಮಾಡಿ. ಗುಳಿಗೆಯನ್ನು ತೂಕ ನೋಡಿ ಡಾಕ್ಟರೇ ಕೊಡಬೇಕು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಕೈಕಾಲು ಬೆಚ್ಚಗಾಗುವ ತನಕ ನೋಡಬೇಕು. ಗುಳಿಗೆ ನುಂಗಿದ ಮಗುವನ್ನು ಮಲಗಿಸಿಯೇ ಇಡಬೇಕು. ‘ಬಾಟ್ಲಿ ಏರಿಸ್ರಿ’ ಎಂದು ನಾವು ಹಟ ಹಿಡಿಯಬಾರದು. ಸೋತ ಗುಂಡಿಗೆಗೆ ಹೆಚ್ಚಿನ ನೀರು ಭಾರ. ಹಾವಿನ ವಿಷದ ಇಂಜೆಕ್ಷನ್ ಚೇಳಿಗೆ ನಡೆಯುವುದಿಲ್ಲ, ಚೇಳಿನದೇ ಬೇರೆ ಇದೆ.

ಹೋದ ವರ್ಷ ಆರು ವರ್ಷದ ಮೊಮ್ಮಗನಿಗೆ ಕಡಿದಾಗ ನಾನು ಮೊದಲು ಅಂಗಾಲು ಮುಟ್ಟಿದೆ. ತಣ್ಣಗಿತ್ತು. ತಕ್ಷಣ ಹೊರಟೆವು. ಮೊದಲು ಹೋದ ಕಡೆ ಈ ಗುಳಿಗೆಯೇ ಇರಲಿಲ್ಲ! ಮುಂದಿನ ಊರಲ್ಲಿ ಸಿಕ್ಕಿತು, ಹುಡುಗ ಉಳಿದ. ಅಲ್ಲೂ ಇಲ್ಲದಿದ್ದರೆ?

ನನ್ನ ಮಾತು ಇಷ್ಟೇ. ಊರಿನ ಕಾಂತೇಶನಿಗೆ ನಾನೂ ಕೈ ಮುಗಿಯುತ್ತೇನೆ, ಆದರೆ ಗಾಡಿ ಹತ್ತಿದ ಮೇಲೆ. ಮುಂಗಾರು ಬರುವ ಮುಂಚೆ ಬೀಜ ಬಂತೇನು, ಗೊಬ್ಬರ ಬಂತೇನು ಎಂದು ಅಲೆಯುತ್ತೇವೆ. ಅದೇ ಓಡಾಟದಲ್ಲಿ ನಿಮ್ಮ ಆರೋಗ್ಯ ಕೇಂದ್ರಕ್ಕೂ ಹೋಗಿ, ‘ಚೇಳಿನ ಗುಳಿಗೆ ಐತೇನ್ರೀ?’ ಎಂದು ಕೇಳಿ. ಇಲ್ಲವೆಂದರೆ ತರಿಸುವ ತನಕ ಕೇಳುತ್ತಲೇ ಇರಿ. ಅದೇನು ದುಬಾರಿ ಔಷಧವಲ್ಲ.