ನಾಯಿಮರಿಗೆ ಗೂಡಿನ ಅಭ್ಯಾಸ

ಹೊಸದಾಗಿ ಮನೆಗೆ ತಂದ ನಾಯಿಮರಿಯು ಮೊದಲ ರಾತ್ರಿ ಅಳುವುದು ಸಹಜವು. ಅದುವರೆಗೆ ತಾಯಿಯ ಮೈಗೂ ಒಡಹುಟ್ಟಿದ ಮರಿಗಳ ಮೈಗೂ ಅಂಟಿಕೊಂಡು ಮಲಗಿದ್ದ ಜೀವವು ಒಮ್ಮೆಗೇ ಒಂಟಿಯಾದರೆ ಅಳದೆ ಮತ್ತೇನು ಮಾಡೀತು? 8 ವಾರ ತುಂಬದ ಮರಿಯನ್ನು ಮಾರಕೂಡದೆಂದು ಭಾರತ ಸರಕಾರವು 2017ರಲ್ಲಿ ನಿಯಮ ಮಾಡಿರುವುದು ಯೋಗ್ಯವೇ ಆಗಿದೆ. ಆದರೆ ವಯಸ್ಸು ತುಂಬಿದ ಮರಿಯನ್ನು ತಂದವರಲ್ಲಿಯೂ ಕೆಲವರು ಮೊದಲ ರಾತ್ರಿಯೇ ಅದನ್ನು ತಂತಿಯ ಗೂಡಿನೊಳಕ್ಕೆ ತಳ್ಳಿ, ಬಾಗಿಲಿಕ್ಕಿ, ಕೂಗು ಕೇಳಿಸದಷ್ಟು ದೂರ ಹೋಗಿ ಮಲಗುವರು. ಬೆಳಗಾಗುವಷ್ಟರಲ್ಲಿ ಆ ಮರಿಯು ಗೂಡೆಂದರೆ ಸೆರೆಮನೆಯೆಂದು ತಿಳಿದಿರುವುದು. ಒಮ್ಮೆ ಬೇರೂರಿದ ಈ ಭಯವನ್ನು ಕೀಳುವುದು ಬಹಳ ಪ್ರಯಾಸದ ಕೆಲಸ.

ಗೂಡಿನಿಂದ ಪ್ರಯೋಜನವುಂಟೆಂಬುದರಲ್ಲಿ ನಮಗೆ ಸಂದೇಹವಿಲ್ಲ. ತಾನು ಮಲಗುವ ಜಾಗವನ್ನು ಹೊಲಸು ಮಾಡಿಕೊಳ್ಳಲು ನಾಯಿಯು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದಕಾರಣ ಶೌಚದ ನಿಯಮವನ್ನು ಕಲಿಸಲು ಗೂಡು ಸಹಾಯಕವು. ಮರಿಯು ಅದರಲ್ಲಿ ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸ್ಥಳವಿದ್ದರೆ ಸಾಕು. ಹೆಚ್ಚು ಸ್ಥಳವಿದ್ದರೆ ಒಂದು ಮೂಲೆ ಹಾಸಿಗೆಯೂ ಇನ್ನೊಂದು ಮೂಲೆ ಪಾಯಖಾನೆಯೂ ಆಗುವುದು. ನಮ್ಮ ಮುಧೋಳದ ನಾಯಿಯಂತೆ ಎತ್ತರವಾಗಿ ಬೆಳೆಯುವ ತಳಿಯಾದರೆ, ದೊಡ್ಡ ಗೂಡನ್ನೇ ಕೊಂಡು ನಡುವೆ ಹಲಗೆಯನ್ನು ಅಡ್ಡವಿಟ್ಟು, ಮರಿ ಬೆಳೆದಂತೆಲ್ಲ ಹಲಗೆಯನ್ನು ಹಿಂದಕ್ಕೆ ಸರಿಸುತ್ತ ಹೋಗಬಹುದು.

ಮೊದಲ ಕೆಲವು ದಿನ ಬಾಗಿಲು ತೆರೆದೇ ಇರಲಿ. ಊಟವನ್ನು ಒಳಗಿಟ್ಟು, ಮರಿಯು ತಾನಾಗಿ ಹೋಗುವವರೆಗೆ ಕಾಯತಕ್ಕದ್ದು. ಬಳಿಕ ಅದು ಉಣ್ಣುವಷ್ಟು ಹೊತ್ತು ಮಾತ್ರ ಬಾಗಿಲು ಹಾಕಿ, ಆಮೇಲೆ 5 ನಿಮಿಷ, 10 ನಿಮಿಷಗಳೆಂದು ಕ್ರಮವಾಗಿ ಹೆಚ್ಚಿಸಬೇಕು. ಕೊರಳಪಟ್ಟಿ ತಂತಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅದನ್ನು ಮೊದಲೇ ಬಿಚ್ಚಿಡುವುದು ಒಳ್ಳೆಯದು. ರಾತ್ರಿಯಲ್ಲಿ ಗೂಡು ಮನೆಯವರ ಹಾಸಿಗೆಯ ಪಕ್ಕದಲ್ಲಿಯೇ ಇರಲಿ. ನಡುರಾತ್ರಿ ಮರಿ ಕೂಗಿದರೆ ಗದರಿಸದೆ ಅಂಗಳಕ್ಕೊಯ್ದು, ಮೂತ್ರವಾದೊಡನೆ ಆಟಕ್ಕೆಳೆಯದೆ ಮರಳಿ ಮಲಗಿಸಬೇಕು. ಹಗಲಿನಲ್ಲಿ ನಿದ್ರೆ, ಊಟ, ಆಟಗಳು ಮುಗಿದೊಡನೆ ಹೊರಗೊಯ್ಯುವುದನ್ನು ತಪ್ಪಿಸಕೂಡದು. ಲಸಿಕೆಗಳು ಪೂರ್ತಿಯಾಗುವ ತನಕ ಬೀದಿಗಿಂತ ಸ್ವಂತ ಅಂಗಳವೇ ಕ್ಷೇಮಕರ.

ಗೂಡು ದಾದಿಯಲ್ಲವೆಂಬುದನ್ನು ನಮ್ಮ ವಾಚಕರು ಮರೆಯಬಾರದು. 2 ತಿಂಗಳ ಮರಿಯನ್ನು ಹಗಲಲ್ಲಿ ಒಂದೆರಡು ಗಂಟೆಗಿಂತ ಹೆಚ್ಚಾಗಿ ಕೂಡಿಹಾಕುವುದು ನಿರ್ದಯವು. ಮನೆಮಂದಿಯೆಲ್ಲರೂ ಬೆಳಗಿನಿಂದ ಸಂಜೆಯವರೆಗೆ ಉದ್ಯೋಗಕ್ಕೆ ಹೋಗುವುದಾದರೆ, ನಡುವೆ ಬಂದು ನೋಡುವವರನ್ನು ಗೊತ್ತುಮಾಡಿಕೊಂಡಲ್ಲದೆ ಮರಿಯನ್ನು ತರಲೇಬಾರದು. ಬೇಸಿಗೆಯಲ್ಲಿ ಗೂಡಿಗೆ ನೆರಳೂ ಗಾಳಿಯೂ ನೀರೂ ಇರಬೇಕು. ತಪ್ಪು ಮಾಡಿತೆಂದು ಅದರೊಳಗೆ ಅಟ್ಟುವುದಾಗಲಿ, ಮಲಗಿರುವ ಮರಿಯನ್ನು ಮಕ್ಕಳು ಕೋಲಿನಿಂದ ಕೆಣಕುವುದಾಗಲಿ ಸರ್ವಥಾ ಸಲ್ಲದು.

ನಾಯಿಯ ಬಾಲ ಡೊಂಕೆಂಬ ಗಾದೆಯನ್ನು ನೆಚ್ಚಿ ಅದಕ್ಕೆ ಶಿಕ್ಷಣವೇ ವ್ಯರ್ಥವೆನ್ನುವವರುಂಟು. ತಾಳ್ಮೆಯಿಂದ ಕೆಲವು ವಾರ ನಡೆದುಕೊಂಡು ನೋಡಲಿ. ಬಾಗಿಲು ತೆರೆದಿರುವಾಗಲೂ ಮರಿಯು ತಾನಾಗಿಯೇ ಒಳಹೊಕ್ಕು ನಿಶ್ಚಿಂತೆಯಿಂದ ನಿದ್ರಿಸಿತೆಂದರೆ, ಗೂಡು ಅದರ ಮನೆಯಾಯಿತೆಂದು ತಿಳಿಯತಕ್ಕದ್ದು.