ಒಲೆ ಮತ್ತೆ ಹತ್ತಿದ ಊರು

ಸೋದರಿಯರೇ, ಬೀಗ ಹಾಕಿದ ಮನೆ ಎಷ್ಟು ಬೇಗ ಹಾಳಾಗುತ್ತೆ ಅನ್ನೋದು ನಿಮಗೆ ಗೊತ್ತೇ ಇದೆ. ನಾಲ್ಕು ಮಳೆಗಾಲ ಒಲೆ ಹಚ್ಚದಿದ್ದರೆ ಸಾಕು, ಸೂರು ಕುಸಿಯುತ್ತದೆ. ಹಾಗಾದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡರೆ?

ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನಲ್ಲಿ, ಬೆಟ್ಟಕ್ಕೂ ಕಡಲಿಗೂ ನಡುವೆ ನಾಂಟ್ ಗುರ್ಥೇರ್ನ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿಯವರಿಗೆ ಅನ್ನ ಕೊಡುತ್ತಿದ್ದುದು ಕಲ್ಲಿನ ಕ್ವಾರಿ. ಅಲ್ಲಿ ಒಡೆದ ಗ್ರಾನೈಟ್ ಕಲ್ಲು ಹಡಗು ಹತ್ತಿ ಲಿವರ್‌ಪೂಲ್, ಮ್ಯಾಂಚೆಸ್ಟರ್ ನಗರಗಳ ಬೀದಿಗೆ ಹಾಸಾಗುತ್ತಿತ್ತು. ಕೆಲಸಗಾರರ ಸಂಸಾರಗಳಿಗೆಂದು 1870ರ ದಶಕದಲ್ಲಿ ಎರಡು ಸಾಲು ಮನೆಗಳಾದವು, ಪ್ರಾರ್ಥನೆಗೊಂದು ಚಾಪೆಲ್ ಆಯಿತು. 1908ರಲ್ಲಿ ಶಾಲೆಯೂ ಬಂತು.

ಎರಡನೇ ಮಹಾಯುದ್ಧದ ಹೊತ್ತಿಗೆ ಕ್ವಾರಿ ನಿಂತಿತು. ಕೂಲಿಯೇ ಇಲ್ಲದ ಮೇಲೆ ಸಂಸಾರ ನಡೆಯುವುದಾದರೂ ಹೇಗೆ? ಒಂದೊಂದೇ ಮನೆ ಖಾಲಿಯಾಯಿತು. 1948ರಲ್ಲಿ ಶಾಲೆ ಮುಚ್ಚಿತು. 1950ರ ದಶಕ ಮುಗಿಯುವಷ್ಟರಲ್ಲಿ ಊರಲ್ಲಿ ದೀಪ ಹಚ್ಚುವವರಿಲ್ಲ. ಛಾವಣಿಗಳು ಬಿದ್ದವು, ಬರೀ ಗೋಡೆ ಉಳಿಯಿತು.

1970ರಲ್ಲಿ ಪಕ್ಕದ ಹಳ್ಳಿಗೆ ಡಾಕ್ಟರ್ ಕಾರ್ಲ್ ಕ್ಲೌಸ್ ಎಂಬುವರು ಬಂದರು. ಅವರ ಮನೆಯಾಕೆಗೆ ವೆಲ್ಷ್ ಭಾಷೆ ಕಲಿಯುವ ಆಸೆ. ಆದರೆ ಕಲಿಸುವ ಖಾಯಂ ಜಾಗ ಅಲ್ಲೆಲ್ಲೂ ಇಲ್ಲ! ಇತ್ತ ಸುತ್ತಲ ಊರುಗಳ ಹುಡುಗರಿಗೆ ಕೆಲಸವಿಲ್ಲ. ಎರಡು ಚಿಂತೆಗೂ ಒಂದೇ ಮದ್ದು ಹೊಳೆಯಿತು. ಟ್ರಸ್ಟ್ ಕಟ್ಟಿ, ಜನರಿಂದ ಹಣ ಕೂಡಿಸಿ 1978ರಲ್ಲಿ ಆ ಹಾಳೂರನ್ನೇ ಕೊಂಡರು. ಮನೆಗಳನ್ನು ಒಂದೊಂದಾಗಿ ರಿಪೇರಿ ಮಾಡಿದರು. 1982ರಲ್ಲಿ ಮೊದಲ ಭಾಷಾ ತರಗತಿ ನಡೆಯಿತು.

ಈಗ ಆ ಮನೆಗಳಲ್ಲಿ ದೊಡ್ಡವರು ತಂಗಿ ಮಕ್ಕಳ ಹಾಗೆ ವೆಲ್ಷ್ ಕಲಿಯುತ್ತಾರೆ. ಚಾಪೆಲ್‌ನಲ್ಲಿ ಊರಿನ ಹಳೆಯ ಕಥೆ ಹೇಳುವ ಪ್ರದರ್ಶನವಿದೆ, ಅಲ್ಲಿ ಮದುವೆಗಳೂ ನಡೆಯುತ್ತವೆ. ಹೊಸ ಹೋಟೆಲಿಗೆ ಮೆಯ್ನಿರ್ ಎಂದು ಹೆಸರು. ಮದುವೆಯ ದಿನ ಶಾಸ್ತ್ರಕ್ಕೆಂದು ಅಡಗಿ ಕುಳಿತು, ಮರದ ಪೊಟರೆಯಲ್ಲೇ ಸಿಕ್ಕಿ ಸತ್ತಳೆಂದು ಜನ ಹೇಳುವ ಮದುಮಗಳ ಹೆಸರದು. ಅಂಥ ಕಣಿವೆಗೆ ಇಂದು ಹೆಣ್ಣುಮಕ್ಕಳು ನಗುನಗುತ್ತಾ ಮದುವೆಗೆ ಬರುತ್ತಾರೆ ನೋಡಿ!

ಹಳೆಯ ಸಂಸಾರಗಳು ಮರಳಿ ಬರಲಿಲ್ಲ, ನಿಜ. 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲೆವೆಂದವರು ನೂರಕ್ಕೆ ಸುಮಾರು 18 ಮಂದಿ ಮಾತ್ರ. ಡಾಕ್ಟರೂ ಅದೇ ವರ್ಷ ತೀರಿಕೊಂಡರು. ಆದರೂ ಆ ಮನೆಗಳಲ್ಲಿ ಸಂಜೆ ದೀಪ ಹತ್ತುತ್ತದೆ, ಮಾತು ಕೇಳಿಸುತ್ತದೆ.

ಒಬ್ಬ ಗೃಹಿಣಿಗೆ ಕಲಿಯಬೇಕೆನಿಸಿತು, ಮನೆಯವರು ಅದನ್ನು ತಳ್ಳಿಹಾಕಲಿಲ್ಲ. ನಿಮಗೂ ಏನಾದರೂ ಕಲಿಯಬೇಕೆನಿಸಿದರೆ ಮನಸ್ಸಲ್ಲೇ ಇಟ್ಟುಕೊಳ್ಳಬೇಡಿ. ಇವತ್ತೇ ಹೇಳಿಬಿಡಿ, ಏನಂತೀರಿ?