ಅನ್ಯರ ಅಳತೆಯ ಪಾದರಕ್ಷೆ



ಈಚೆಗೆ ನಮ್ಮ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿಗೆ ಮಾತು ಎಸ್.ಎಸ್.ಎಲ್.ಸಿ. ಅಂಕಗಳತ್ತ ಹೊರಳಿತು. ಶೇಕಡಾ 92 ಗಳಿಸಿದ ಹುಡುಗಿಯೊಬ್ಬಳು ಕಲಾ ವಿಭಾಗ ಸೇರಿ ಇತಿಹಾಸ ಓದುವೆನೆಂದಳು. "ಇಷ್ಟು ಅಂಕ ತೆಗೆದು ಆರ್ಟ್ಸಾ? ಜನ ಏನೆಂದಾರು?" ಎಂದು ಹಿರಿಯರೆಲ್ಲ ಒಟ್ಟಾಗಿ ಅವಳ ಮೇಲೆ ಬಿದ್ದರು. ಅವಳು ಎಲೆ ಮಡಚಿ ಎದ್ದುಹೋದಳು. ನಾನು ಸುಮ್ಮನಿದ್ದೆ. ಅದು ತಪ್ಪೆಂದು ತೋರಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಆ ಪಂಕ್ತಿಯಲ್ಲಿದ್ದವರು ಇದನ್ನು ಓದುವರೆಂದು ಬಲ್ಲೆ, ಬೇಸರಿಸಬಾರದು.

ಮೊದಲು ನನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. 1991ರಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಶಾಲೆಯ ರೇಡಿಯೋ ಕೆಟ್ಟರೂ, ನೀರಿನ ಪಂಪು ನಿಂತರೂ ಅವನೇ ಸರಿಪಡಿಸಬೇಕು. ಐ.ಟಿ.ಐ. ಸೇರುವ ಆಸೆ ಅವನಿಗೆ. ಅವನ ತಂದೆ ನನ್ನ ಸಲಹೆ ಕೇಳಿದಾಗ, "ಅದು ದಡ್ಡರು ಸೇರುವ ಜಾಗ, ವಿಜ್ಞಾನಕ್ಕೆ ಹಾಕಿ" ಎಂದುಬಿಟ್ಟೆ. ಹುಡುಗ ಪಿಯುಸಿಯಲ್ಲಿ ಎರಡು ಬಾರಿ ನಪಾಸಾದ. ಕಡೆಗೆ ಮೋಟಾರ್ ವೈಂಡಿಂಗ್ ಅಂಗಡಿಯೊಂದರಲ್ಲಿ ಕೆಲಸ ಕಲಿತು, ಈಗ ತನ್ನದೇ ಅಂಗಡಿ ನಡೆಸುತ್ತ ನಾಲ್ವರಿಗೆ ಅನ್ನ ಕೊಡುತ್ತಿದ್ದಾನೆ. ಒಮ್ಮೆ ಎದುರಾದಾಗ ಕಾಲುಮುಟ್ಟಿ ನಮಸ್ಕರಿಸಿ, "ಮೂರು ವರ್ಷ ಹಾಳಾಯಿತು ಸರ್, ಅಷ್ಟೇ" ಎಂದು ನಕ್ಕ. ಆ 'ಅಷ್ಟೇ' ಎಂಬ ಪದ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಹಿರಿಯರ ಒಂದು ಮಾತಿಗೆ ಎಷ್ಟು ಬಲವಿದೆಯೆಂಬುದಕ್ಕೆ ನಮ್ಮ ಸಾಹಿತ್ಯಚರಿತ್ರೆಯಲ್ಲೇ ಸಾಕ್ಷಿಯಿದೆ. ಕುವೆಂಪು ಅವರು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 'ಬಿಗಿನರ್ಸ್ ಮ್ಯೂಸ್' 1922ರಲ್ಲಿ ಅಚ್ಚಾಗಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಆ ಕವಿತೆಗಳನ್ನು ನೋಡಿ, ನಿನ್ನ ಭಾಷೆಯಲ್ಲಿ ಬರೆ ಎಂದು ಬುದ್ಧಿ ಹೇಳಿದರು. 'ಶ್ರೀ ರಾಮಾಯಣ ದರ್ಶನಂ'ಗೆ 1967ರ ಜ್ಞಾನಪೀಠ ಬಂದದ್ದು ಎಲ್ಲರಿಗೂ ಗೊತ್ತು. ದೂರದೇಶದ ಕವಿಯೊಬ್ಬ ನಮ್ಮ ಯುವಕನನ್ನು ಅವನ ಸ್ವಂತ ದಾರಿಗೆ ತಿರುಗಿಸಿದ. ಅದೇ ಊರಿನ ಮೇಷ್ಟರಾದ ನಾನು ನನ್ನ ಶಿಷ್ಯನನ್ನು ಅವನ ದಾರಿಯಿಂದ ತಪ್ಪಿಸಿದೆ.

ಹಾಗೆಂದು "ನೀನು ನೀನಾಗಿರು, ಯಶಸ್ಸು ತಾನಾಗಿ ಬರುತ್ತದೆ" ಎಂದು ಧ್ವನಿವರ್ಧಕದ ಮುಂದೆ ಗರ್ಜಿಸುವ ವ್ಯಕ್ತಿತ್ವ ವಿಕಸನದ ಭಾಷಣಕಾರರನ್ನೂ ನಾನು ಒಪ್ಪಲಾರೆ. ಐನೂರು ಮಕ್ಕಳನ್ನು ಕೂರಿಸಿ, ಐನೂರು ಮಂದಿಗೂ ಒಂದೇ ಹತ್ತು ಸೂತ್ರಗಳನ್ನು ಬಾಯಿಪಾಠ ಮಾಡಿಸಿ, 'ಸ್ವಂತಿಕೆ' ಎಂದು ಹೆಸರಿಡುವುದು ಎಂಥ ವಿಪರ್ಯಾಸ! ಮನಸ್ಸಿಗೆ ಬಂದಂತೆ ಅಲೆಯುವುದು ಸ್ವಂತಿಕೆಯಲ್ಲ, ಸೋಮಾರಿತನ.

ಕೋಟದ ಶಿವರಾಮ ಕಾರಂತರನ್ನು ನೋಡಿ. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಕೈಯಲ್ಲಿ ಪದವಿಯಿರಲಿಲ್ಲ. ಆದರೆ ಬಿಟ್ಟ ಮೇಲೆ ಸುಮ್ಮನೆ ಕೂರಲಿಲ್ಲ. ಮಕ್ಕಳಿಗೆಂದು ಮೂರು ಸಂಪುಟಗಳ 'ಬಾಲ ಪ್ರಪಂಚ' ಬರೆದರು. ಯಕ್ಷಗಾನದ ಬೆನ್ನುಹತ್ತಿ ಬರೆದ 'ಯಕ್ಷಗಾನ ಬಯಲಾಟ' ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 1977ರಲ್ಲಿ ಜ್ಞಾನಪೀಠವೂ ದೊರೆಯಿತು. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರದ ವಿರುದ್ಧ ದನಿಯೆತ್ತಿ 1989ರಲ್ಲಿ ಲೋಕಸಭೆಗೆ ನಿಂತರು. ಆಗ ಅವರ ವಯಸ್ಸು ಎಂಬತ್ತನ್ನು ದಾಟಿತ್ತು. ಸೋತರು. ಆ ಸೋಲಿನಿಂದ ಅವರು ಕಿರಿದಾದರೇ? ತನಗೆ ಸರಿಯೆನಿಸಿದ್ದಕ್ಕೆ ಬೆವರು ಸುರಿಸುವುದು, ಬೆಲೆ ತೆರುವುದು, ಇವೆರಡೂ ಸೇರಿದರೇ ಸ್ವಂತ ದಾರಿ.

"ಅವರೆಲ್ಲ ಮಹಾನುಭಾವರು ಮೇಷ್ಟ್ರೇ, ನಮ್ಮಂಥವರ ಹೊಟ್ಟೆಪಾಡೇನು?" ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಅದಕ್ಕಾಗಿಯೇ ವೈಂಡಿಂಗ್ ಅಂಗಡಿಯ ಕಥೆಯನ್ನು ಮೊದಲು ಹೇಳಿದೆ. ಅವನು ಮಹಾನುಭಾವನಲ್ಲ, ಕುಶಲಿ. ಅವನ ಹೊಟ್ಟೆ ತುಂಬಿಸಿದ್ದು ನಾನು ಹೇಳಿದ ದಾರಿಯಲ್ಲ, ನಾನು ಹೀಗಳೆದ ದಾರಿ. ಇತಿಹಾಸ ಓದಿದವರಿಗೆಲ್ಲ ಕೆಲಸ ಕಾದಿದೆಯೆಂದು ನಾನು ಭರವಸೆ ಕೊಡಲಾರೆ. ಆದರೆ ಒಲ್ಲದ ವಿಷಯವನ್ನು ಅರೆಮನಸ್ಸಿನಿಂದ ಓದಿದವರಿಗೆ ಯಾರು ಭರವಸೆ ಕೊಟ್ಟಿದ್ದಾರೆ?

ಮೂರು ದಶಕಕ್ಕೂ ಹೆಚ್ಚು ಕಾಲ ಪಾಠ ಹೇಳಿದ ಅನುಭವದಿಂದ ನನಗೆ ದಕ್ಕಿದ ಒರೆಗಲ್ಲು ಒಂದೇ: ಯಾರೂ ನೋಡದಿರುವಾಗ, ಯಾರೂ ಅಂಕ ಕೊಡದಿರುವಾಗ, ಮಗು ಯಾವ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತದೆ? ಅದನ್ನು ಗಮನಿಸಿ. ಮೂರು ದಿನಕ್ಕೆ ಬೇಸರಗೊಂಡರೆ ಅದು ಹುಚ್ಚಾಟ. ಮೂರು ವರ್ಷವೂ ಬಿಡದಿದ್ದರೆ ಅದೇ ಅದರ ದಾರಿ. 'ಜನ ಏನೆಂದಾರು' ಎನ್ನುವ ಆ ಜನ ನಿಮ್ಮ ಮಗುವಿನ ಶುಲ್ಕವನ್ನು ಕಟ್ಟುವುದಿಲ್ಲ, ಕಣ್ಣೀರನ್ನೂ ಒರೆಸುವುದಿಲ್ಲ. ಪರರ ಅಳತೆಯ ಪಾದರಕ್ಷೆ ಎಷ್ಟೇ ಬೆಲೆಯದಾದರೂ ಕಾಲನ್ನು ಕಚ್ಚದೆ ಬಿಡದು.

ಎಲೆ ಮಡಚಿ ಎದ್ದುಹೋದ ಮಗುವೇ, ಈ ಅಜ್ಜ ಅಂದು ನಿನ್ನ ಪರವಾಗಿ ಮಾತನಾಡಲಿಲ್ಲ. ಕ್ಷಮಿಸು. ನಿನ್ನ ತಂದೆಯೊಡನೆ ಮಾತನಾಡಲು ಬರುವ ಭಾನುವಾರ ನಿಮ್ಮ ಮನೆಗೆ ಬರುತ್ತಿದ್ದೇನೆ. ನನ್ನ ಬಳಿಯಿರುವ ಇತಿಹಾಸದ ಪುಸ್ತಕಗಳನ್ನೂ ತರುತ್ತೇನೆ; ಓದಿ ಮುಗಿಸುವ ಹೊಣೆ ನಿನ್ನದು.

ಇಂತು,
ನಿಮ್ಮ ಮೇಷ್ಟ್ರು